ಮಲೇರಿಯಾ ಗುಳಿಗೆಯಿಂದ ಲಕ್ವ ಹೊಡೆದ ಕೈ ಮರಳೀತೇ?

ಲಕ್ವ ಹೊಡೆದು ಒಂದೆರಡು ವರುಷ ಕಳೆದ ಮನೆಗಳಲ್ಲಿ ಗಂಡಹೆಂಡಿರು ಬಾಯಿಬಿಟ್ಟು ಆಡದ ಒಂದು ಪ್ರಶ್ನೆ ಇರುತ್ತದೆ. ಬಿದ್ದ ಕೈ ಇನ್ನು ಎದ್ದೀತೇ, ಅಥವಾ ಉಳಿದ ಆಯುಷ್ಯಕ್ಕೆಲ್ಲ ಇಷ್ಟೇಯೇ ಎಂಬುದು ಆ ಪ್ರಶ್ನೆ. ಅಂಥ ಮನೆಯ ದಂಪತಿಗಳಿಗಾಗಿಯೂ, ಆ ಸಂಕಟವನ್ನು ಇನ್ನೂ ಕಾಣದಿರುವ ಉಳಿದ ದಂಪತಿಗಳಿಗಾಗಿಯೂ ಈ ಲೇಖನವನ್ನು ಬರೆದಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ರೈತರು ಪತ್ನಿಯೊಡನೆ ಬಂದರು. ಅವರಿಗೆ ನಲವತ್ತೆರಡು ವರುಷ ವಯಸ್ಸು. ಎರಡು ವರುಷಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳ ಸ್ವಾಧೀನ ತಪ್ಪಿತ್ತು. ಕಾಲು ಬಹುಮಟ್ಟಿಗೆ ಸುಧಾರಿಸಿ ಕೋಲೂರಿ ನಡೆಯುತ್ತಿದ್ದರು. ಕೈ ಮಾತ್ರ ಎದೆಯ ಬಳಿ ಮಡಿಚಿಕೊಂಡಿದ್ದು, ಬೆರಳುಗಳು ಮುಷ್ಟಿಗಟ್ಟಿದ್ದವು. ಆಕೆ ಸೆರಗಿನ ಗಂಟು ಬಿಚ್ಚಿ ಗುಳಿಗೆಗಳ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಡಾಕ್ಟರೇ, ಮಲೇರಿಯಾಕ್ಕೆ ಕೊಡುವ ಈ ಗುಳಿಗೆಯಿಂದ ಲಕ್ವದ ಕೈ ಬರುತ್ತದಂತೆ. ನಮ್ಮ ಮೈದುನ ಕೇಳಿಕೊಂಡು ಬಂದು ಅಂಗಡಿಯಿಂದ ತಂದುಕೊಟ್ಟಿದ್ದಾನೆ. ನಾಲ್ಕು ದಿನ ಕೊಟ್ಟೆ. ಇನ್ನೂ ಎಷ್ಟು ದಿನ ಕೊಡಬೇಕು?" ಎಂದು ಕೇಳಿದರು. ಅದು ಕ್ಲೋರೋಕ್ವಿನ್ ಗುಳಿಗೆ. ಗುಳಿಗೆಗಳು ಹೆಚ್ಚಾದರೆ ಮೈಗೆ ಉಷ್ಣವೆಂದು ಎಣಿಸಿ, ರಕ್ತದ ಒತ್ತಡಕ್ಕಾಗಿ ನಾವು ಕೊಟ್ಟಿದ್ದ ಗುಳಿಗೆಯನ್ನು ಅದೇ ನಾಲ್ಕು ದಿನಗಳಿಂದ ನಿಲ್ಲಿಸಿದ್ದರು. ಅಳೆದು ನೋಡಿದಾಗ ಒತ್ತಡ 190/110 ಇತ್ತು.

ಗದರಿಸುವುದು ಸುಲಭವಾಗಿತ್ತು. ಆದರೆ ಆಕೆ ಕೇಳಿದುದು ಮೂಢಪ್ರಶ್ನೆಯಲ್ಲ. ಒಂದು ರೋಗದ ಔಷಧ ಇನ್ನೊಂದು ರೋಗಕ್ಕೆ ಒದಗಿಬಂದ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿ ಸಾಕಷ್ಟಿವೆ. ಆದುದರಿಂದ ಆ ದಿನ ಅವರಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಹೇಳುತ್ತೇನೆ.

ಮೊದಲು ಪಾರ್ಶ್ವವಾಯು ಎಂದರೇನು ಎಂಬುದನ್ನು ತಿಳಿಯೋಣ. ಇದು ಗಾಳಿ ಸೋಕಿ ಬರುವ ರೋಗವಲ್ಲ. ಕೈಕಾಲಿನ ನರದ ರೋಗವೂ ಅಲ್ಲ. ಮಿದುಳಿನ ರಕ್ತನಾಳದ ರೋಗ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೂ ನಾವು ಉಸಿರಾಡುವ ಆಮ್ಲಜನಕದ ಐದನೆಯ ಒಂದು ಪಾಲು ಅದಕ್ಕೇ ಬೇಕು. ಅಲ್ಲಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೇ ನಾಳವೇ ಒಡೆದು ರಕ್ತ ಹರಿದರೆ, ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ತಜ್ಞರು ಲೆಕ್ಕಹಾಕಿದ್ದಾರೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋತು ಬೀಳುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಥಟ್ಟನೆ ಕಂಡರೂ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಧಾವಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳದ ರಕ್ತ ಹಚ್ಚಿಸಿಕೊಂಡು ಮೂರನೆಯ ದಿನ ಬಂದವರಿಗೆ ಅದನ್ನು ಕೊಡಲಾಗದು.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾದರೆ ಆ ರೈತರ ಕಾಲು ಸುಧಾರಿಸಿದುದು ಹೇಗೆ? ನಿಮ್ಮ ಊರಿನ ಕಾಲುವೆಯನ್ನು ನೆನೆದುಕೊಳ್ಳಿ. ಮುಖ್ಯ ಕಾಲುವೆ ಕುಸಿದು ಮುಚ್ಚಿಹೋದರೆ, ಅಕ್ಕಪಕ್ಕದ ಸಣ್ಣ ಕಾಲುವೆಗಳನ್ನು ಅಗೆದು ಹಿರಿದುಮಾಡಿ ಅದೇ ಗದ್ದೆಗೆ ನೀರು ತರುತ್ತೀರಿ. ಮಿದುಳೂ ಹಾಗೆಯೇ. ಗಾಯದ ಸುತ್ತ ಬದುಕಿ ಉಳಿದ ನರಕೋಶಗಳು ಹೊಸ ಎಳೆಗಳನ್ನು ಚಾಚಿ, ಸತ್ತವುಗಳ ಕೆಲಸವನ್ನು ಕೊಂಚಕೊಂಚವಾಗಿ ಕಲಿಯುತ್ತವೆ. ಈ ಕಲಿಕೆ ಮೊದಲ ಮೂರು ತಿಂಗಳಲ್ಲಿ ಚುರುಕಾಗಿರುತ್ತದೆ. ಆರು ತಿಂಗಳ ಬಳಿಕ ನಿಧಾನವಾಗುತ್ತದೆ. ನಿಧಾನವಾಗುತ್ತದೆಯೇ ಹೊರತು ನಿಂತೇಹೋಗುತ್ತದೆಂಬುದು ಸರಿಯಲ್ಲ. ಆರು ತಿಂಗಳು ಕಳೆದ ಈ ಹಂತದಲ್ಲಿ ಕಲಿಕೆಗೆ ಮತ್ತೆ ಚುರುಕು ಕೊಡುವ ಔಷಧವೊಂದು ದೊರೆತೀತೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಹೊಸ ಔಷಧವನ್ನು ಮೊದಲಿನಿಂದ ಸೃಷ್ಟಿಸಿ ಪೇಟೆಗೆ ತರಲು ಹತ್ತು ಹದಿನೈದು ವರುಷಗಳೂ ಅಪಾರ ಹಣವೂ ಬೇಕು. ಹಳೆಯ ಔಷಧದ ಗುಣದೋಷಗಳಾದರೋ ಆಗಲೇ ತಿಳಿದಿರುತ್ತವೆ, ಬೆಲೆಯೂ ಕಡಿಮೆ. ಆದಕಾರಣ ಕಪಾಟಿನಲ್ಲಿರುವ ಹಳೆಯ ಸೀಸೆಗಳನ್ನೇ ಮತ್ತೊಮ್ಮೆ ತೆರೆದು ನೋಡುವುದು ಜಾಣತನ. ಆಸ್ಪಿರಿನ್ ಇದಕ್ಕೆ ಒಳ್ಳೆಯ ಉದಾಹರಣೆ. 1899ರಿಂದ ಅದು ನೋವು ಜ್ವರಗಳ ಔಷಧವಾಗಿ ಮಾರಾಟವಾಗುತ್ತಿತ್ತು. ಅದು ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುತ್ತದೆಂದು ಬಹುಕಾಲದ ಮೇಲೆ ತಿಳಿಯಿತು. 1978ರಲ್ಲಿ ಕೆನಡಾ ದೇಶದ ವೈದ್ಯರು 585 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು. ಹೆಪ್ಪಿನಿಂದ ಪಾರ್ಶ್ವವಾಯುವಾದವರಿಗೆ ನಾವು ಇಂದಿಗೂ ದಿನಕ್ಕೊಂದು ಸಣ್ಣ ಆಸ್ಪಿರಿನ್ ಗುಳಿಗೆ ಕೊಡುವುದು ಇಂಥ ಪರೀಕ್ಷೆಗಳ ಆಧಾರದ ಮೇಲೆಯೇ. ಆದರೆ ರಕ್ತಸ್ರಾವದಿಂದ ಪಾರ್ಶ್ವವಾಯುವಾದವರಿಗೆ ಅದೇ ಗುಳಿಗೆ ಅಪಾಯ ತಂದೀತು. ನೆರೆಮನೆಯವರ ಆಸ್ಪಿರಿನ್ ನಿಮ್ಮ ಮನೆಗೆ ಹೊಂದುವುದೆಂಬ ಭರವಸೆಯಿಲ್ಲ.

ಮಲೇರಿಯಾ ಔಷಧಗಳಿಗೂ ಇಂಥದೇ ಚರಿತ್ರೆಯಿದೆ. 1934ರಲ್ಲಿ ಜರ್ಮನಿಯಲ್ಲಿ ತಯಾರಾದ ಕ್ಲೋರೋಕ್ವಿನ್ ಮಾಡುವ ಕೆಲಸ ಕುತೂಹಲಕರವಾದುದು. ಮಲೇರಿಯಾ ಪರಾವಲಂಬಿಯು ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ರಕ್ತದ ಬಣ್ಣದ ವಸ್ತುವನ್ನು ತಿನ್ನುತ್ತದೆ. ತಿಂದುದರಲ್ಲಿ ಒಂದು ಭಾಗ ಅದಕ್ಕೇ ವಿಷ. ಆ ವಿಷವನ್ನು ಅದು ಹರಳುಗಟ್ಟಿಸಿ ಬದಿಗಿಡುತ್ತದೆ. ಕ್ಲೋರೋಕ್ವಿನ್ ಈ ಹರಳುಗಟ್ಟುವಿಕೆಯನ್ನು ತಡೆಯುವುದರಿಂದ ಪರಾವಲಂಬಿ ತನ್ನ ಕಸದಿಂದ ತಾನೇ ಸಾಯುತ್ತದೆ. ನಮ್ಮ ಜೀವಕೋಶಗಳಲ್ಲಿಯೂ ಹಳೆಯ ವಸ್ತುಗಳನ್ನು ಕರಗಿಸುವ ಹುಳಿಚೀಲಗಳಿವೆ. ಈ ಔಷಧ ಅಲ್ಲಿಯೂ ಹೋಗಿ ಸೇರಿ ದೇಹದ ಉರಿಯೂತವನ್ನು ತಗ್ಗಿಸುತ್ತದೆ. ಲಂಡನ್ನಿನ ವೈದ್ಯ ಪೇಜ್ ಅವರು 1951ರಲ್ಲಿ ಮೆಪಕ್ರಿನ್ ಎಂಬ ಮಲೇರಿಯಾ ಔಷಧದಿಂದ ಲೂಪಸ್ ಎಂಬ ಚರ್ಮ ಕೀಲುಗಳ ರೋಗ ತಗ್ಗಿದುದನ್ನು ವರದಿಮಾಡಿದರು. ಕ್ಲೋರೋಕ್ವಿನ್ನಿನ ತಮ್ಮನೆನ್ನಬಹುದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದು ಕೀಲುವಾತದ ರೋಗಿಗಳಿಗೆ ನಿತ್ಯದ ಔಷಧ.

ಪಾರ್ಶ್ವವಾಯುವಿನಲ್ಲಿಯೂ ಗಾಯದ ಸುತ್ತ ಉರಿಯೂತವಿರುವುದರಿಂದ, ಈ ಔಷಧಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದ್ದಾರೆ. ಮಾಚಿಪತ್ರೆಯ ಜಾತಿಯ ಗಿಡದಿಂದ ಬಂದ ಆರ್ಟಿಸುನೇಟ್ ಎಂಬ ಔಷಧ ಇಲಿಗಳ ಮಿದುಳಿನ ಗಾಯವನ್ನು ತಗ್ಗಿಸಿದ ವರದಿಗಳಿವೆ. ಅಂಥ ಔಷಧಗಳಿಗೆ ಮೂಲವಾದ ಆರ್ಟಿಮಿಸಿನಿನ್ ಅನ್ನು ಕಂಡುಹಿಡಿದುದಕ್ಕಾಗಿ ಚೀನಾದ ವಿಜ್ಞಾನಿ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮೈದುನನ ಕಿವಿಗೆ ಬಿದ್ದ ಸುದ್ದಿ ಇಂಥದೇ ಒಂದು ಪ್ರಯೋಗದ್ದಿರಬೇಕು. ಸುದ್ದಿ ಸುಳ್ಳಲ್ಲ, ಇಲಿಯ ಸಂಗತಿ ಮನುಷ್ಯನ ಸಂಗತಿಯಾಗಿ ಊರು ಸೇರಿತ್ತು, ಅಷ್ಟೆ.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ದೂರವೆಂಬುದಕ್ಕೆ ಒಂದು ಲೆಕ್ಕವಿದೆ. ಪಾರ್ಶ್ವವಾಯುವಿಗಾಗಿ ಪ್ರಯೋಗಶಾಲೆಗಳಲ್ಲಿ ನೋಡಿದ ಚಿಕಿತ್ಸೆಗಳನ್ನು 2006ರಲ್ಲಿ ಸಂಶೋಧಕರು ಎಣಿಸಿದಾಗ 1026 ಸಿಕ್ಕವು. ಅವುಗಳಲ್ಲಿ ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದವು 114. ಅದರಲ್ಲಿಯೂ ಗೆದ್ದು ಬಂದವು ಬೆರಳೆಣಿಕೆಗೂ ಕಡಿಮೆ.

ಮನುಷ್ಯರಲ್ಲಿ ಮೊದಲು ಗೆದ್ದಂತೆ ಕಂಡು ಆಮೇಲೆ ಸೋತವೂ ಇವೆ. ಮನಸ್ಸಿನ ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್ ಎಂಬ ಗುಳಿಗೆಯನ್ನು ಫ್ರಾನ್ಸ್ ದೇಶದಲ್ಲಿ 118 ಪಾರ್ಶ್ವವಾಯು ರೋಗಿಗಳಲ್ಲಿ ಪರೀಕ್ಷಿಸಿದಾಗ, ಔಷಧ ಪಡೆದವರ ಕೈಕಾಲು ಹೆಚ್ಚು ಸುಧಾರಿಸಿದುದು ಕಂಡುಬಂತು. ಇದು 2011ರ ಮಾತು. ಲೋಕವೆಲ್ಲ ಹರ್ಷಿಸಿತು. ಬ್ರಿಟನ್ನಿನಲ್ಲಿ 3127 ರೋಗಿಗಳಲ್ಲಿ ಅದನ್ನೇ ಪರೀಕ್ಷಿಸಿ 2018ರಲ್ಲಿ ಫಲ ಪ್ರಕಟಿಸಿದಾಗ, ದಿನನಿತ್ಯದ ಸ್ವಾವಲಂಬನೆಯಲ್ಲಿ ಏನೇನೂ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆ ಕಡಿಮೆಯಾಗಿತ್ತು, ನಿಜ. ಆದರೆ ಮೂಳೆ ಮುರಿದವರ ಸಂಖ್ಯೆ ಹೆಚ್ಚಾಗಿತ್ತು.

ಕ್ಲೋರೋಕ್ವಿನ್ ಕುಟುಂಬದ ಸೋಲನ್ನಂತೂ ನೀವೇ ಕಂಡಿದ್ದೀರಿ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಬಂದಾಗ, ರೋಗಿಗಳ ಶುಶ್ರೂಷೆಯಲ್ಲಿರುವ ಆರೋಗ್ಯ ಸಿಬ್ಬಂದಿ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸಬಹುದೆಂದು ಸಲಹೆ ಬಂದಿತ್ತು. ನಾನೂ ವಾರಕ್ಕೊಮ್ಮೆ ನುಂಗಿದವನೇ. ಅಂಗಡಿಗಳಲ್ಲಿ ಜನ ಮುಗಿಬಿದ್ದು ಕೊಂಡರು. ಕೀಲುವಾತದ ರೋಗಿಗಳಿಗೆ ಗುಳಿಗೆ ಸಿಗದಂತಾಯಿತು. ಅದೇ ವರುಷ ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ್ದ ಕೊರೋನಾ ರೋಗಿಗಳಲ್ಲಿ 1561 ಜನರಿಗೆ ಆ ಗುಳಿಗೆ ಕೊಟ್ಟು, 3155 ಜನರಿಗೆ ಕೊಡದೆ ಹೋಲಿಸಿ ನೋಡಿದರು. ಇಪ್ಪತ್ತೆಂಟು ದಿನಗಳಲ್ಲಿ ಗುಳಿಗೆ ಪಡೆದವರಲ್ಲಿ ನೂರಕ್ಕೆ 27 ಜನ, ಪಡೆಯದವರಲ್ಲಿ ನೂರಕ್ಕೆ 25 ಜನ ಮರಣ ಹೊಂದಿದರು. ಅಂದರೆ ಗುಳಿಗೆಯಿಂದ ಪ್ರಯೋಜನವಾಗಲಿಲ್ಲ. ಸರಿಯಾಗಿ ಹೋಲಿಸದೆ ಇದನ್ನು ತಿಳಿಯುವುದು ಸಾಧ್ಯವಿರಲಿಲ್ಲ. ನುಂಗಿ ಬದುಕಿದವರೆಲ್ಲ ಗುಳಿಗೆಯಿಂದಲೇ ಬದುಕಿದೆವೆಂದು ಹೇಳುತ್ತಿದ್ದರು.

ಪಾರ್ಶ್ವವಾಯು ಬಡಿದು ತಿಂಗಳುಗಳು ಕಳೆದವರ ಕೈಕಾಲನ್ನು ಸುಧಾರಿಸುತ್ತದೆಂದು ಇಂಥ ದೊಡ್ಡ ಪರೀಕ್ಷೆಯಲ್ಲಿ ಸಿದ್ಧವಾದ ಮಲೇರಿಯಾ ಔಷಧ ಯಾವುದೂ ಇಲ್ಲ. ಮುಂದೆ ಬಂದರೆ ನಮ್ಮ ಆಸ್ಪತ್ರೆಗಳಿಗೆ ಬಂದೇ ಬರುತ್ತದೆ. ಸೆರಗಿನ ಗಂಟಿನಲ್ಲಿ ತರಬೇಕಾಗಿಲ್ಲ.

"ತಿಂದು ನೋಡಿದರೆ ತಪ್ಪೇನು, ಮಲೇರಿಯಾಕ್ಕೆ ನೀವೇ ಕೊಡುತ್ತೀರಲ್ಲ?" ಎಂದು ಆ ರೈತರು ಕೇಳಿದರು. ಮಲೇರಿಯಾಕ್ಕೆ ನಾವು ರಕ್ತ ಪರೀಕ್ಷೆ ಮಾಡಿ, ತೂಕ ನೋಡಿ, ಮೂರು ದಿನ ಮಾತ್ರ ಕೊಡುತ್ತೇವೆ. ಅಂಗಡಿಯಿಂದ ತಂದು ವಾರಗಟ್ಟಲೆ ತಿಂದಾಗ ಕ್ಲೋರೋಕ್ವಿನ್ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲುದು. ರಕ್ತದ ಸಕ್ಕರೆಯನ್ನು ಇಳಿಸಬಲ್ಲುದು. ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ತಿನ್ನುವವರು ಇದರಿಂದ ಪ್ರಜ್ಞೆ ತಪ್ಪಿಯಾರು. ಫಿಟ್ಸ್ ಬರಿಸಬಲ್ಲುದು, ಪಾರ್ಶ್ವವಾಯುವಾದ ಮಿದುಳಿಗೆ ಮೊದಲೇ ಆ ಭಯವಿರುತ್ತದೆ. ವರುಷಗಟ್ಟಲೆ ತಿಂದರೆ ಕಣ್ಣಿನ ಒಳಪರದೆಗೆ ಹಾನಿ. ಇನ್ನೊಂದು ಮಾತು: ಪುಟ್ಟ ಮಗು ಈ ಗುಳಿಗೆ ಒಂದೆರಡನ್ನು ನುಂಗಿದರೂ ಪ್ರಾಣಕ್ಕೆ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದು ಸೆರಗಿನಲ್ಲಿಯೂ ಇರಬಾರದು, ಗೂಡಿನಲ್ಲಿಯೂ ಇರಬಾರದು.

ಆ ನಾಲ್ಕು ದಿನಗಳಲ್ಲಿ ಅವರಿಗೆ ನಿಜವಾಗಿ ಅಪಾಯ ತಂದೊಡ್ಡಿದುದು ತಿಂದ ಗುಳಿಗೆಗಿಂತ ಹೆಚ್ಚಾಗಿ ಬಿಟ್ಟ ಗುಳಿಗೆ. ಒಮ್ಮೆ ಪಾರ್ಶ್ವವಾಯು ಬಡಿದವರಿಗೆ ಮತ್ತೊಮ್ಮೆ ಬಡಿಯುವ ಸಂಭವ ಬಹಳ. ಅನೇಕ ದೇಶಗಳ 6105 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುಮಾರು ನಾಲ್ಕು ವರುಷಗಳ ಅವಧಿಯಲ್ಲಿ, ರಕ್ತದೊತ್ತಡದ ಔಷಧ ಪಡೆಯದ ನೂರು ಜನರಲ್ಲಿ 14 ಜನರಿಗೆ ಮತ್ತೆ ಪಾರ್ಶ್ವವಾಯುವಾಯಿತು. ಪಡೆದವರಲ್ಲಿ 10 ಜನರಿಗೆ. ಉಳಿದ ಆ ನಾಲ್ವರಲ್ಲಿ ನಿಮ್ಮ ಯಜಮಾನರೂ ಒಬ್ಬರಾಗಬಹುದಲ್ಲವೇ ತಾಯಿ, ಎಂದು ನಾನು ಕೇಳಿದೆ. ಈ ಗುಳಿಗೆ ನುಂಗಿದರೆ ಕೈ ಎದ್ದಂತೆ ಕಾಣುವುದಿಲ್ಲ, ಮೈಗೆ ಏನೂ ಆದಂತೆ ತೋರುವುದಿಲ್ಲ. ಅದಕ್ಕೇ ಜನ ಬಿಡುತ್ತಾರೆ. ಒತ್ತಡ 130/80ರ ಆಸುಪಾಸಿಗೆ ಬಂದಮೇಲೂ ಬಿಡಬಾರದು. ಜೊತೆಗೆ ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚ ಮೀರಬಾರದು, ಉಪ್ಪಿನಕಾಯಿ ಹಪ್ಪಳಗಳದ್ದೂ ಸೇರಿ. ಬೀಡಿ, ಹೊಗೆಸೊಪ್ಪು ಬಿಡಬೇಕೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಇನ್ನು ಕೈಯ ವಿಚಾರ. ಮುಂದೆ ಎಂಥ ಔಷಧ ಬಂದರೂ ಅದು ಮಿದುಳನ್ನು ಕಲಿಕೆಗೆ ಹದಗೊಳಿಸೀತು, ಅಷ್ಟೆ, ಕಲಿಯಬೇಕಾದುದು ಕೈಯೇ. ಗುಳಿಗೆ ನುಂಗಿ ಮಂಚದ ಮೇಲೆ ಮಲಗಿದ್ದರೆ ಯಾವ ಎಳೆಯೂ ಚಾಚದು. ಸೋತ ಕೈಗೆ ಕೆಲಸ ಕೊಡದೆ ಇದ್ದರೆ ಒಳ್ಳೆಯ ಕೈ ಎಲ್ಲವನ್ನೂ ತಾನೇ ಮಾಡತೊಡಗುತ್ತದೆ. ಸೋತ ಕೈ ಬಳಕೆಯನ್ನೇ ಮರೆಯುತ್ತದೆ. ಇದನ್ನು ತಪ್ಪಿಸಲು ಅಮೆರಿಕೆಯಲ್ಲಿ 222 ರೋಗಿಗಳ ಒಳ್ಳೆಯ ಕೈಗೆ ಚೀಲ ತೊಡಿಸಿ, ಎರಡು ವಾರ ಎಚ್ಚರವಿರುವಷ್ಟು ಹೊತ್ತೂ ಬಹುಪಾಲು ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಅವರಿಗೆಲ್ಲ ಪಾರ್ಶ್ವವಾಯು ಬಡಿದು ಮೂರರಿಂದ ಒಂಬತ್ತು ತಿಂಗಳಾಗಿತ್ತು. 2006ರಲ್ಲಿ ಪ್ರಕಟವಾದ ಫಲದಂತೆ ಕೈ ಸುಧಾರಿಸಿತು, ಆ ಸುಧಾರಣೆ ಒಂದು ವರುಷವಾದರೂ ಉಳಿದಿತ್ತು. ಆದರೆ ಇದು ಎಲ್ಲರಿಗೂ ಸಲ್ಲುವುದಿಲ್ಲ. ಮಣಿಕಟ್ಟನ್ನೂ ಬೆರಳುಗಳನ್ನೂ ತುಸುವಾದರೂ ತಾವೇ ಮೇಲೆತ್ತಬಲ್ಲವರಿಗೆ ಮಾತ್ರ. ನಡೆಯುವಾಗ ತೂರಾಡುವವರು ಚೀಲ ತೊಟ್ಟು ನಡೆಯಬಾರದು; ಬಿದ್ದರೆ ಹಿಡಿದುಕೊಳ್ಳಲು ಕೈ ಬೇಕು.

ಮನೆಯವರೇ ವ್ಯಾಯಾಮ ಮಾಡಿಸಿದರೆ ಸಾಕೆಂದು ಹೇಳಿ ನಿಮ್ಮನ್ನು ಒಪ್ಪಿಸಲು ನನಗೆ ಮನಸ್ಸಾಗದು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ತೆಗೆದುಕೊಂಡು, ಅವರಲ್ಲಿ ಅರ್ಧದಷ್ಟು ಜನರ ಮನೆಯವರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು ಕಳುಹಿಸಿ ನೋಡಿದ ಪರೀಕ್ಷೆಯೊಂದರ ಫಲ 2017ರಲ್ಲಿ ಬಂತು. ಆರು ತಿಂಗಳಾದಾಗ ತರಬೇತಿ ಪಡೆದ ಮನೆಗಳಿಗೂ ಪಡೆಯದ ಮನೆಗಳಿಗೂ ವ್ಯತ್ಯಾಸ ಕಾಣಲಿಲ್ಲ. ಒಂದು ಸಲ ತೋರಿಸಿ ಕಳುಹಿಸಿದರೆ ಸಾಲದೆಂಬುದೇ ನಾನು ಇದರಿಂದ ಗ್ರಹಿಸಿರುವುದು. ಜಿಲ್ಲಾ ಆಸ್ಪತ್ರೆಯ ಅಂಗಮರ್ದನ ಚಿಕಿತ್ಸಕರನ್ನು, ಅಂದರೆ ಫಿಜಿಯೋಥೆರಪಿಯವರನ್ನು, ಮತ್ತೆ ಮತ್ತೆ ಕಂಡು, ಕೈ ಯಾವ ಹಂತದಲ್ಲಿದೆಯೋ ಆ ಹಂತಕ್ಕೆ ತಕ್ಕ ಕೆಲಸವನ್ನು ದಿನಕ್ಕೆ ಗಂಟೆಗಟ್ಟಲೆ ಮಾಡಬೇಕು. ಎಣ್ಣೆ ಹಚ್ಚಿ ಇನ್ನೊಬ್ಬರು ತಿಕ್ಕುವುದರಿಂದ ಕೀಲು ಸೆಡೆಯದೆ ಉಳಿಯಬಹುದು. ಆದರೆ ಮಿದುಳು ಕಲಿಯುವುದು ರೋಗಿ ತಾನೇ ಪ್ರಯತ್ನಿಸಿದಾಗ.

ಗಂಡಹೆಂಡಿರ ಸಂಗತಿಯನ್ನು ಈ ಪುಸ್ತಿಕೆಯಲ್ಲಿ ಹೇಳದೆ ಬಿಡಲಾಗದು. ಅಂದು ಆ ರೈತರು ಔಷಧದ ಚೀಟಿ ತರಲು ಹೊರಗೆ ಹೋದಾಗ, ಆಕೆ ತಲೆತಗ್ಗಿಸಿ ಇನ್ನೊಂದು ಮಾತು ಕೇಳಿದರು. ಎರಡು ವರುಷಗಳಿಂದ ಇಬ್ಬರೂ ಬೇರೆ ಬೇರೆ ಮಲಗುತ್ತಿದ್ದಾರೆ. ಕೂಡಿದರೆ ಅವರಿಗೆ ಮತ್ತೆ ಬಡಿಯುತ್ತದೆಂದು ಭಯ, ಗರ್ಭ ನಿಂತರೆ ಸಾಕುವವರಾರೆಂದು ಇನ್ನೊಂದು ಭಯ. ರಕ್ತದೊತ್ತಡ ಹತೋಟಿಯಲ್ಲಿದ್ದು, ನಡೆದಾಡುವಷ್ಟು ಚೇತರಿಸಿಕೊಂಡವರಿಗೆ ದಾಂಪತ್ಯ ಸುಖ ಸಾಮಾನ್ಯವಾಗಿ ನಿಷಿದ್ಧವಲ್ಲ. ಒಮ್ಮೆ ವೈದ್ಯರಿಗೆ ತೋರಿಸಿ ಕೇಳಿದರೆ ಸಾಕು. ಒತ್ತಡದ ಕೆಲವು ಗುಳಿಗೆಗಳಿಂದ ಗಂಡಸರಿಗೆ ಶಕ್ತಿ ಕುಂದಿದಂತೆ ಆಗುವುದುಂಟು. ಆಗ ಗುಳಿಗೆಯನ್ನು ಬಿಡದೆ ನಮಗೆ ಹೇಳಿ, ಬೇರೆಯದನ್ನು ಕೊಡುತ್ತೇವೆ.

ಗಂಡನಿಗೆ ಲಕ್ವವಾಗಿದ್ದರೆ, ಆರೋಗ್ಯವಂತಳಾದ ಹೆಂಡತಿ ವಂಕಿಯನ್ನೋ ಮಾಲಾ-ಎನ್ ಗುಳಿಗೆಯನ್ನೋ ಬಳಸಲು ಅದರಿಂದ ಅಡ್ಡಿಯಿಲ್ಲ. ಆಕೆಯ ಒತ್ತಡವನ್ನು ಮಾತ್ರ ಮೊದಲು ನೋಡಬೇಕು. ಆದರೆ ಹೆಂಡತಿಗೇ ಲಕ್ವವಾಗಿದ್ದರೆ ಮಾಲಾ-ಎನ್ ಗುಳಿಗೆಯನ್ನು ಎಂದಿಗೂ ಮುಟ್ಟಬಾರದು. ಅದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಅಂಥವರಿಗೆ ತಾಮ್ರದ ವಂಕಿ ತಕ್ಕುದು. ಎಲ್ಲಕ್ಕಿಂತ ಸರಳವಾದುದು ಗಂಡನೇ ಹೊಲಿಗೆಯಿಲ್ಲದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು. ಅದಾದ ಮೂರು ತಿಂಗಳು, ವೀರ್ಯ ಪರೀಕ್ಷೆಯಾಗುವವರೆಗೆ, ನಿರೋಧ್ ಬಳಸಬೇಕು. ಒತ್ತಡದ ಕೆಲವು ಗುಳಿಗೆಗಳು ಗರ್ಭದ ಶಿಶುವಿಗೆ ಹಾನಿಕರವಾದುದರಿಂದ, ಅವನ್ನು ತಿನ್ನುವ ಹೆಂಗಸು ಗರ್ಭ ಬಯಸುವ ಮೊದಲೇ ಬಂದು ಕೇಳಬೇಕು. ಬಾಣಂತಿಗೂ ಲಕ್ವ ಬರಬಹುದೆಂದು ಬಹಳ ಜನರಿಗೆ ತಿಳಿಯದು. ಬಾಣಂತಿಗೆ ನೀರು ಕುಡಿಸಬಾರದೆಂಬ ಪದ್ಧತಿಯಿಂದ ರಕ್ತ ಗಟ್ಟಿಯಾಗಿ ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಲು ಎಡೆಯಾಗುತ್ತದೆ. ಆಕೆಗೆ ಬಾಯಾರಿದಷ್ಟೂ ನೀರು ಕೊಡಿ.

ಆ ರೈತರನ್ನು ಪರೀಕ್ಷಿಸಿದಾಗ, ಹೇಳಿದೊಡನೆ ಮಣಿಕಟ್ಟು ಒಂದಿಷ್ಟು ಮೇಲೆದ್ದಿತು. ಹೆಬ್ಬೆರಳೂ ಎರಡು ಬೆರಳೂ ಸ್ವಲ್ಪ ಬಿಚ್ಚಿದವು. ಎರಡು ವರುಷಗಳಿಂದ ಯಾರೂ ಅವರಿಗೆ ಬಿಚ್ಚಿ ನೋಡಿ ಎಂದು ಹೇಳಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಬರೆದು ಕಳುಹಿಸಿದೆ. ಈಗ ಅವರು ಬೆಳಿಗ್ಗೆ ಸಂಜೆ ಜಗಲಿಯ ಮೇಲೆ ಕುಳಿತು, ಎಡಗೈಗೆ ಬಟ್ಟೆಯ ಚೀಲ ಕಟ್ಟಿಸಿಕೊಂಡು, ಬಲಗೈಯಿಂದ ಶೇಂಗಾ ಆರಿಸಿ ಬುಟ್ಟಿಗೆ ಹಾಕುತ್ತಾರೆ. ಬೆರಳು ಪೂರ್ತಿ ಬಿಚ್ಚಿಲ್ಲ. ಲೋಟ ಹಿಡಿಯುತ್ತಾರೆ, ಅರ್ಧ ನೀರು ಚೆಲ್ಲುತ್ತದೆ. ಕಳೆದ ಸಲ ಬಂದಾಗ ಒತ್ತಡ 134/84 ಇತ್ತು. ಆಕೆ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ, ಮೈದುನ ತಂದುದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತಂದು ತೋರಿಸಿದರು. ನೀವೂ ಮುಂದಿನ ಸಲ ಬರುವಾಗ ಹಾಗೆಯೇ ತನ್ನಿ; ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಒಟ್ಟಿಗೆ ಕುಳಿತು ನೋಡೋಣ.